ಬರೋಣದ ನಕ್ಷೆ ಮತ್ತು ಅಜ್ಜಿಯ ಪ್ಲೇಗು

ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಡಿಯಾರ ನೋಡುವ ಅಭ್ಯಾಸವೇ ಇಲ್ಲದ ಕಾಲ ಅದು. ಶಿವಮೊಗ್ಗದ ಗಾಡಿ ಕೂಗಿದರೆ ಅಮ್ಮ ಎಸರಿಡುತ್ತಿದ್ದಳು, ಹುಬ್ಬಳ್ಳಿ ಕಡೆಯದು ಹೊರಟರೆ ನಾವು ಸ್ಕೂಲಿಗೆ ಓಡುತ್ತಿದ್ದೆವು, ಗಾಡಿ ತಡವಾದ ದಿನ ಇಡೀ ಬೀದಿಯ ಊಟ ತಡ. ಹಗ್ಗದ ಮೇಲೆ ಹರವಿದ ಬಟ್ಟೆಗೆಲ್ಲ ಕಲ್ಲಿದ್ದಲ ಮಸಿ ಕೂತು, ಬಿಳಿ ಎಂಬ ಬಣ್ಣ ನಮ್ಮ ಬೀದಿಯಲ್ಲಿ ಉಳಿಯುತ್ತಲೇ ಇರಲಿಲ್ಲ. ರೈಲ್ವೆ ಮನೆಯ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಆ ಹೊಗೆಯ ವಾಸನೆ ಈಗಾಗಲೇ ಮೂಗಿಗೆ ಬಂದಿರುತ್ತದೆ.

ನಮ್ಮಪ್ಪ ಗಾರ್ಡ್. ಬೀರೂರಿನಿಂದ ಹೊರಡುವ ಮೂರು ದಾರಿಗಳಲ್ಲೂ, ಅಂದರೆ ಕಡೂರಿನ ಕಡೆ, ತರೀಕೆರೆಯ ಕಡೆ, ಅಜ್ಜಂಪುರದ ಕಡೆ, ಗಾಡಿಯ ಕೊನೆಯ ಡಬ್ಬಿಯಲ್ಲಿ ಕೆಂಪು ಹಸಿರು ಬಾವುಟ ಇಟ್ಟುಕೊಂಡು ಹೋಗಿಬರುತ್ತಿದ್ದರು. ಮನೆಯಲ್ಲಿ ಅಮ್ಮ, ಅಕ್ಕ ಸುಗುಣ, ನಾನು, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಹಿತ್ತಲಲ್ಲಿ ಕೆಂಪಿ ಎಂಬ ಹಸು. ನಾವು ಕ್ರೈಸ್ತರು. ನಮ್ಮಂಥ ಮನೆಗಳು ಆ ಊರಲ್ಲಿ ಬೆರಳೆಣಿಕೆಯಷ್ಟು, ಹಾಗಾಗಿ ಭಾನುವಾರದ ಪ್ರಾರ್ಥನೆಗೆ ಎಲ್ಲರೂ ನಮ್ಮ ಹಜಾರದಲ್ಲೇ ಸೇರುತ್ತಿದ್ದರು. ಪಕ್ಕದ ಮನೆಯ ಗಂಗಮ್ಮನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಹೊಸಿಲ ಹತ್ತಿರ ಕೂತು ಹಾಡು ಕೇಳುತ್ತಿದ್ದರು. ಹಾಸಲು ಜಮಖಾನೆ ಕೊಡುತ್ತಿದ್ದವರೂ ಅವರೇ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆ. ಸುಗುಣಕ್ಕನಿಗೆ ಮೈಸೂರಿನ ಕಡೆಯ ಒಂದು ಮಿಷನ್ ಆಸ್ಪತ್ರೆಯಿಂದ ನರ್ಸ್ ತರಬೇತಿಗೆ ಕರೆ ಬಂದಿತ್ತು. ಅಮ್ಮ ಕಡೂರಿನ ಸಂತೆಯಿಂದ ತಗಡಿನ ಟ್ರಂಕು ತಂದು, ಅದರೊಳಗೆ ಬೇವಿನ ಸೊಪ್ಪು ಹಾಕಿ ಇಟ್ಟಿದ್ದಳು. ಅಕ್ಕ ದಿನಕ್ಕೊಂದು ಸಲ ಅದನ್ನು ತೆರೆದು, ಏನೂ ಇಡದೆ, ಮತ್ತೆ ಮುಚ್ಚುತ್ತಿದ್ದಳು. ಅಷ್ಟರಲ್ಲಿ ಜಯಶೀಲ ಬೋಧಕರು ನಕ್ಷೆಯ ಸಮೇತ ಬಂದಿಳಿದರು.

ಬೋಧಕರು ಊರೂರು ತಿರುಗಿ ಉಪದೇಶ ಮಾಡುವವರು. ದಪ್ಪ ಧ್ವನಿ, ಒಳ್ಳೆಯ ಮನಸ್ಸು, ಅಮ್ಮನ ಉಪ್ಪಿಟ್ಟನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುವಷ್ಟು ಸಲಿಗೆ. ಅವರು ತಂದಿದ್ದು ಪಂಚೆಯಷ್ಟು ಉದ್ದದ ಬಟ್ಟೆ, ಅದರ ಮೇಲೆ ಬಣ್ಣದಲ್ಲಿ ಬರೆದ ಲೋಕದ ಅಂತ್ಯ. ಕರ್ತನು ಮತ್ತೆ ಭೂಮಿಗೆ ಬರುವುದನ್ನು ನಮ್ಮವರು ‘ಬರೋಣ’ ಎನ್ನುತ್ತಾರೆ. ಬೈಬಲ್ಲಿನ ಕೊನೆಯ ಭಾಗವಾದ ಪ್ರಕಟನೆಯಲ್ಲಿ ಅದಕ್ಕೆ ಮುಂಚೆ ಆಗುವ ಸಂಕಟಗಳನ್ನು ಏಳೇಳಾಗಿ ಹೇಳಿದೆ: ಒಂದು ಸುರುಳಿಯ ಏಳು ಮುದ್ರೆ ಒಡೆಯುತ್ತವೆ, ಏಳು ತುತೂರಿ ಮೊಳಗುತ್ತವೆ, ಏಳು ಪಾತ್ರೆಗಳಿಂದ ದೇವರ ಕೋಪ ಸುರಿಯುತ್ತದೆ. ಬೋಧಕರ ನಕ್ಷೆಯಲ್ಲಿ ಎಡಗಡೆಯಿಂದ ಬಲಗಡೆಗೆ ಒಂದೇ ಗೆರೆ. ಗೆರೆಯ ಮೇಲೆ ಮೊದಲು ಮುದ್ರೆಗಳು, ಅವು ಮುಗಿದ ಮೇಲೆ ತುತೂರಿಗಳು, ಆಮೇಲೆ ಪಾತ್ರೆಗಳು, ತುದಿಯಲ್ಲಿ ಮೋಡದ ಮೇಲೆ ಬೆಳಕು. ಕೆಂಪು ಮೃಗವೊಂದಕ್ಕೆ ಚಿತ್ರಗಾರ ನಮ್ಮ ಕೆಂಪಿಯದೇ ಕೊಂಬು ಹಾಕಿದ್ದ.

ಬೇರೆಯವರಿಗೆ ಅದು ಚಿತ್ರ, ಅಪ್ಪನಿಗೆ ರೈಲು ದಾರಿ. ಅಪ್ಪ ಗೆರೆಯನ್ನು ನೋಡಿದ ಕೂಡಲೇ ಮುಖ ಅರಳಿಸಿ, “ನೋಡಿ, ಸ್ಟೇಷನ್ ಸ್ಟೇಷನ್ನೇ ಬರ್ದವ್ರೆ! ದಾಟಿದ ಸ್ಟೇಷನ್ ಮತ್ತೆ ಬರಲ್ಲ, ಮುಂದಿಂದು ಬರದೆ ಇರಲ್ಲ” ಎಂದರು. ಬೋಧಕರಿಗೂ ಆ ಹೋಲಿಕೆ ಹಿಡಿಸಿತು. ಅಂದಿನ ಉಪದೇಶದಲ್ಲೇ ಅದನ್ನು ಬಳಸಿ, ಯುದ್ಧ, ಬರಗಾಲ ಎಲ್ಲವನ್ನೂ ಹೇಳಿ, ನಾವೀಗ ಮುದ್ರೆಗಳ ನಡುವೆ ಎಲ್ಲೋ ಇದ್ದೇವೆ, ಗಾಡಿಯ ವೇಗ ಜಾಸ್ತಿಯಾಗಿದೆ ಎಂದರು. ಗಂಗಮ್ಮನವರು ಹೊಸಿಲಿಂದಲೇ “ಹಂಗಾದ್ರೆ ಈ ಸಲ ಉಪ್ಪಿನಕಾಯಿ ಹಾಕೋದೋ ಬೇಡ್ವೋ ಸ್ವಾಮಿ?” ಎಂದು ಕೇಳಿದರು. ಎಲ್ಲರೂ ನಕ್ಕರು, ಅಪ್ಪನೊಬ್ಬರು ನಗಲಿಲ್ಲ.

ಮಾರನೆಯ ದಿನ ಅಪ್ಪ ಟ್ರಂಕನ್ನು ಎತ್ತಿ ಅಟ್ಟದ ಮೇಲಿಟ್ಟರು.

“ಮೂರು ವರ್ಷದ ಟ್ರೇನಿಂಗು. ಮೂರು ವರ್ಷ ಯಾರ ಕೈಲಿದೆ? ಆ ಹೊತ್ತು ಬಂದಾಗ ಮಗಳು ಎಲ್ಲೋ, ನಾವೆಲ್ಲೋ ಅಂತಾಗೋದು ಬೇಡ. ಎಲ್ಲಾ ಒಟ್ಟಿಗಿರೋಣ.”

ಅದು ಸಿಟ್ಟಿನ ಮಾತಲ್ಲ, ಪ್ರೀತಿಯದು. ಅದಕ್ಕೇ ಎದುರಾಡುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕ ಹಿತ್ತಲಿಗೆ ಹೋಗಿ ಕೆಂಪಿಯ ಕುತ್ತಿಗೆಗೆ ಮುಖ ಒತ್ತಿ ನಿಂತಳು.

ಬೋಧಕರು ತರೀಕೆರೆ, ಲಕ್ಕವಳ್ಳಿ ಕಡೆ ಸುತ್ತಿ ಬರುವವರೆಗೆ ಅವರ ಬಟ್ಟೆ ನಮ್ಮ ಹಜಾರದ ಗೋಡೆಯ ಮೇಲೇ ಉಳಿಯಿತು. ಶಾಲೆಗೆ ರಜ, ಹಾಗಾಗಿ ನಾನು ಅದರ ಮುಂದೆ ಅಪ್ಪನ ಬೈಬಲ್ಲು ಹಿಡಿದು ಕೂತೆ. ನನಗೆ ಭಯವಾಗುತ್ತಿರಲಿಲ್ಲ. ಅದು ಹೇಗೆ ಜೋಡಣೆಯಾಗಿದೆ ಎಂದು ತಿಳಿಯುವ ಆಸೆ, ಅಷ್ಟೆ. ಕೆಂಪಿಗೆ ಹುಲ್ಲು ತರುವುದು ನನ್ನ ಕೆಲಸ, ಆದ್ದರಿಂದ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಹುಲ್ಲು. ಮೊದಲ ತುತೂರಿ ಊದಿದಾಗ ಹಸಿರು ಹುಲ್ಲೆಲ್ಲ ಸುಟ್ಟುಹೋಗುತ್ತದೆ. ಐದನೆಯ ತುತೂರಿಗೆ ಮಿಡತೆಗಳು ಬರುತ್ತವೆ, ಹುಲ್ಲನ್ನು ಮುಟ್ಟಬೇಡಿ ಎಂದು ಅವಕ್ಕೆ ಅಪ್ಪಣೆಯಾಗುತ್ತದೆ. ಯಾವ ಹುಲ್ಲು?

ಬೋಧಕರು ಒಂದು ಬೆಳಿಗ್ಗೆ ಗಾಡಿ ಬದಲಿಸಲು ಇಳಿದಾಗ ಪ್ಲಾಟ್‌ಫಾರ್ಮಿನಲ್ಲೇ ಹಿಡಿದು ಕೇಳಿದೆ. ಅವರು ಟೀ ಲೋಟ ಕೆಳಗಿಟ್ಟು, “ಹುಲ್ಲು ಮತ್ತೆ ಬೆಳೀತದೆ ಮಗಾ. ಸುಟ್ಟ ಹುಲ್ಲಿನ ಬೇರು ಸಾಯಲ್ಲ” ಎಂದರು.

ಹಾಗೆಂದು ಒಪ್ಪಿಬಿಡುವುದೇ? ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಅದರ ಪಕ್ಕದ ಒಣಹುಲ್ಲಿಗೆ ಬೆಂಕಿ ಇಟ್ಟಿದ್ದ ಜಾಗ ನಮ್ಮ ಮನೆಯ ಹಿಂದೆಯೇ ಇತ್ತು. ದಿನವೂ ಹೋಗಿ ಕೂತು ನೋಡಿದೆ. ಕರೀ ಬೂದಿ, ಬಿಸಿ ಜಲ್ಲಿ, ಎಣ್ಣೆ ವಾಸನೆ. ಚಿಗುರದಿರಲಿ ದೇವರೇ ಎಂದು ಬೇಡಿಕೊಂಡೆ, ಯಾಕೆಂದರೆ ಬೋಧಕರ ಗೆರೆ ಸುಳ್ಳಾದರೆ ಅಕ್ಕನ ಟ್ರಂಕು ಅಟ್ಟದಿಂದ ಇಳಿಯುತ್ತದೆ ಎಂದು ನನ್ನ ಲೆಕ್ಕಾಚಾರ. ಒಂದು ಸಂಜೆ ಗುಡುಗಿ ಮಳೆ ಹೊಡೆಯಿತು. ವಾರ ತುಂಬುವುದರೊಳಗೆ ಬೂದಿಯ ನಡುವೆ ಸೂಜಿಯಂಥ ಹಸಿರು! ಅಳು ಬಂತು. ಆದರೂ ಆ ಎಳೇ ಹುಲ್ಲನ್ನೇ ಕಿತ್ತು ಕೆಂಪಿಗೆ ಹಾಕಿದೆ.

ಹುಲ್ಲು ಕೈಕೊಟ್ಟ ಮೇಲೆ ಆಕಾಶಕ್ಕೆ ಹೋದೆ. ಆರನೆಯ ಮುದ್ರೆ ಒಡೆದಾಗ ನಕ್ಷತ್ರಗಳು ಉದುರಿ, ಆಕಾಶವನ್ನೇ ಚಾಪೆಯ ಹಾಗೆ ಸುತ್ತಿಬಿಡುತ್ತಾರೆ. ನಾಲ್ಕನೆಯ ತುತೂರಿಯಲ್ಲಿ ಮತ್ತೆ ನಕ್ಷತ್ರಗಳಿವೆ, ಅವುಗಳಲ್ಲಿ ಮೂರರಲ್ಲಿ ಒಂದು ಪಾಲು ಕಪ್ಪಾಗುತ್ತದೆ. ಇನ್ನೊಂದು ಸೋಜಿಗ: ಮುದ್ರೆಗಳು ಮುಗಿಯುವಾಗಲೂ ಗುಡುಗು, ಭೂಕಂಪ. ತುತೂರಿಗಳು ಮುಗಿಯುವಾಗಲೂ ಅದೇ. ಪಾತ್ರೆಗಳ ಕೊನೆಯಲ್ಲೂ ಅದೇ.

ಬೋಧಕರು ಪ್ರವಾಸ ಮುಗಿಸಿ ಮನೆಗೆ ಬಂದ ದಿನ ಊಟಕ್ಕೆ ಕೂತಾಗಲೇ ಕೇಳಿದೆ.

“ಅಯ್ಯನೋರೆ, ಹುಲ್ಲೇನೋ ಚಿಗುರ್ತು. ಉದುರಿದ ನಕ್ಷತ್ರನೂ ಚಿಗುರ್ತದಾ?”

ಅಪ್ಪ ಗದರಿದರು. ಬೋಧಕರು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಸಾರಿಗೆ ಅದ್ದಿ ಹಾಗೇ ಹಿಡಿದುಕೊಂಡು ಯೋಚಿಸಿದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವವಿರುವುದು ಆಮೇಲೆ ಅವರಾಡಿದ ಮಾತಿಗೆ.

“ಬಯ್ಯಬೇಡ್ರಿ. ಇದನ್ನ ಕೇಳಿದೋರು ಇವಳೊಬ್ಬಳೇ ಅಲ್ಲ. ಕೆಲವರು ಹೇಳ್ತಾರೆ, ಇದು ಒಂದಾದ ಮೇಲೊಂದು ಅಲ್ಲ, ಒಂದೇ ಸಂಕಟಾನ ಮೂರು ಸಲ ಹೇಳಿರೋದು ಅಂತ. ಇನ್ನು ಕೆಲವರು, ಅದೆಲ್ಲಾ ರೋಮಿನ ರಾಜರ ಕಾಲಕ್ಕೇ ಆಗಿಹೋಯ್ತು ಅಂತಾರೆ. ಯಾವ ಒಂದು ಕಾಲಕ್ಕೂ ಸೇರಿದ್ದಲ್ಲ, ಎಲ್ಲಾ ಕಾಲದ ಕಷ್ಟಕ್ಕೂ ಹೇಳಿದ ಮಾತು ಅನ್ನೋರೂ ಇದಾರೆ. ನಾನು ಕಲಿತಿದ್ದು ಗೆರೆ. ಗೆರೆ ಹೇಳ್ತೀನಿ.”

“ಒಂದೇ ಸಂಕಟಾನ ಮೂರು ಸಲ ಯಾಕೆ ಹೇಳಬೇಕು?” ಅಪ್ಪನಿಗೆ ಗಾಬರಿಯಾಗಿತ್ತು. “ಅಜ್ಜಂಪುರ ದಾಟಿದ ಮೇಲೆ ಮತ್ತೆ ಅಜ್ಜಂಪುರ ಬಂದ್ರೆ ಅದು ದಾರೀನಾ?”

ಊಟವಾಯಿತು. ಬೋಧಕರು ಹಜಾರದಲ್ಲಿ ಒರಗಿದರು. ಇಳಿಹೊತ್ತಿಗೆ ಅಜ್ಜಿ ಹಿಂದಿನ ಜಗಲಿಯಲ್ಲಿ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸಲು ಕೂತಳು. ನಾನೂ ಅಕ್ಕನೂ ಜೊತೆಗೆ. ಅಪ್ಪ ಒಂದು ಪಕ್ಕದಲ್ಲಿ ಗಾರ್ಡ್ ಲಾಂದ್ರದ ಗಾಜು ಒರೆಸುತ್ತಿದ್ದರು. ಹುಣಸೆ ಬಿಡಿಸುವಾಗ ಅಜ್ಜಿ ಹೇಳುತ್ತಿದ್ದುದು ಒಂದೇ ಕಥೆ, ಅವಳು ತರೀಕೆರೆಯಲ್ಲಿ ಚಿಕ್ಕವಳಾಗಿದ್ದಾಗ ಬಂದ ಪ್ಲೇಗಿನದು. ನಮಗೆಲ್ಲ ಬಾಯಿಪಾಠವಾಗಿದ್ದರೂ ಕೇಳುತ್ತಿದ್ದೆವು.

ಮೊದಲು ಅವಳು ಸತ್ತವರ ಕಡೆಯಿಂದ ಹೇಳುತ್ತಿದ್ದಳು. ಅಟ್ಟದಿಂದ ಇಲಿ ಬಿತ್ತು, ಆಮೇಲೆ ದೊಡ್ಡಪ್ಪ, ಆಮೇಲೆ ಅವರ ಹೆಂಡತಿ, ಎದುರು ಮನೆಯ ಮದುವೆಯ ಹುಡುಗ, ಕೊನೆಗೆ ಮಳೆ ಬಂದು ಕಾಯಿಲೆ ಇಳಿಯಿತು. ಅಷ್ಟಾದ ಮೇಲೆ ಕೈ ಒರೆಸಿಕೊಂಡು ಮತ್ತೆ ಶುರು. ಈ ಸಲ ಊರು ಬಿಟ್ಟ ಕಥೆ: ಇಲಿ ಬಿತ್ತು, ಹೊಲದಲ್ಲಿ ಗುಡಿಸಲು ಹಾಕಿದರು, ಅಲ್ಲಿಂದ ತೋಪಿಗೆ, ತೋಪಿನಿಂದ ಗುಡ್ಡದ ಬುಡಕ್ಕೆ, ಕೊನೆಗೆ ಮಳೆ ಬಂತು, ಊರಿಗೆ ವಾಪಸು. ಆಮೇಲೆ ಮೂರನೆಯದು, ಏನು ತಿಂದರು, ಏನು ಕುಡಿದರು ಎಂಬುದು.

ಆವತ್ತು ಮೂರನೆಯದು ಶುರುವಾಗುವ ಹೊತ್ತಿಗೆ ನಾನು ತಡೆದೆ.

“ಅಜ್ಜೀ, ಎಷ್ಟು ಸಲ ಬಂತು ಪ್ಲೇಗು?”

“ಎಷ್ಟು ಸಲ ಏನೇ? ಒಂದೇ ಸಲ. ಮೂರು ಸಲ ಬಂದಿದ್ರೆ ನಾನೆಲ್ಲಿ ಉಳೀತಿದ್ದೆ?”

“ಮತ್ತೆ ಮೂರು ಸಲ ಇಲಿ ಬೀಳ್ತದಲ್ಲ, ಮೂರು ಸಲ ಮಳೆ ಬರ್ತದಲ್ಲ?”

“ಅಯ್ಯೋ ಪೆದ್ದೀ. ಸತ್ತೋರ ಮಾತು ಆಡುವಾಗ ಗಂಜಿ ಮಾತು ಬಾಯಿಗೆ ಬತ್ತದಾ? ಅಷ್ಟೊಂದು ಕಷ್ಟ ಒಂದೇ ಸಲಕ್ಕೆ ಹೇಳಕ್ಕಾಯ್ತದಾ? ಒಂದ್ಸಲ ಹೇಳಿದ್ರೆ ಅರ್ಧ ಬಿಟ್ಟೋಯ್ತದೆ ಕಣೇ.”

ಅಪ್ಪನ ಕೈಯಲ್ಲಿ ಗಾಜು ಒರೆಸುವ ಬಟ್ಟೆ ನಿಂತಿತು. ಅಜ್ಜಿ ತನ್ನ ಪಾಡಿಗೆ ಮೂರನೆಯದನ್ನು ಎತ್ತಿಕೊಂಡಳು. ಇಲಿ ಬಿತ್ತು. ಎಲ್ಲರೂ ಗುಡ್ಡದ ಬುಡಕ್ಕೆ ಓಡಿದರು. ಇವಳಿಗೆ ಕಂಕುಳಲ್ಲಿ ಗಡ್ಡೆ ಎದ್ದಿತ್ತು, ಲೋಕವೇ ಮುಗಿಯಿತು ಎಂದು ಇವಳನ್ನು ತೋಪಿನ ಗುಡಿಸಲಲ್ಲೇ ಬಿಟ್ಟರು. ಅಲ್ಲಿಗೆ ದಿನವೂ ಒಬ್ಬ ಹೆಂಗಸು ಬರುತ್ತಿದ್ದಳು. ಯಾರೋ ಏನೋ, ಹೆಸರು ಅಜ್ಜಿಗೆ ಕೊನೆಗೂ ತಿಳಿಯಲಿಲ್ಲ. ಗಡಿಗೆಯಲ್ಲಿ ನೀರು, ತೆಳ್ಳನೆಯ ರಾಗಿ ಗಂಜಿ ತಂದು, ಮೈ ಒರೆಸಿ, ಕುಡಿಸಿ ಹೋಗುತ್ತಿದ್ದಳು.

ಅಜ್ಜಿ ಹುಣಸೆಯಿಂದ ತಲೆಯೆತ್ತಿ ಅಪ್ಪನನ್ನು ನೋಡಿದಳು.

“ಅವಳೂ ಓಡೋಗಿದ್ರೆ ನಾನಿಲ್ಲ, ನೀನಿಲ್ಲ, ಈ ಮಕ್ಕಳಿಲ್ಲ. ಕರ್ತ ನಾಳೇನೇ ಬರ್ಲಿ ಕಣೋ, ಯಾರು ಬೇಡ ಅಂದೋರು? ಇವತ್ತು ಜ್ವರ ಬಂದು ಮಲಗಿರೋರ್ಗೆ ನೀರು ಕುಡಿಸೋರು ಬೇಡ್ವಾ? ಕಲಿತು ಬತ್ತೀನಿ ಅನ್ನೋ ಹುಡುಗೀನ ಕಟ್ಟಾಕ್ಕಂಡು ಏನು ಮಾಡ್ತೀಯ?”

ಅಕ್ಕ ತುಂಬಿದ ಕಣ್ಣನ್ನು ಹುಣಸೆ ಮೆತ್ತಿದ ಕೈಯಿಂದ ಒರೆಸಿಕೊಂಡು, ಉರಿಯಾಗಿ ಇನ್ನಷ್ಟು ಅತ್ತಳು. ಅಪ್ಪ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಟ್ಟದ ಮೇಲೆ ತಗಡಿನ ಸದ್ದಾಯಿತು.

ಆಮೇಲೆ ಬೋಧಕರು ನಕ್ಷೆ ಸುತ್ತುತ್ತಿದ್ದಾಗ ಅಪ್ಪ ಅದರ ಒಂದು ತುದಿ ಹಿಡಿದುಕೊಂಡು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಕಡೂರಿಂದ ಬಂದ್ರೂ, ತರೀಕೆರೆಯಿಂದ ಬಂದ್ರೂ, ಅಜ್ಜಂಪುರದಿಂದ ಬಂದ್ರೂ ಕೊನೆಗೆ ಬೀರೂರೇ ಅಲ್ವಾ ಅಯ್ಯನೋರೆ? ಹಂಗೂ ಇರಬೌದು.” ಬೋಧಕರು ನಕ್ಕು, “ಇರಬೌದು. ನಾನಂತೂ ಗೆರೇನ ಬಿಡಲ್ಲ” ಎಂದರು. ಇಬ್ಬರೂ ಅಲ್ಲೇ ಮೊಣಕಾಲೂರಿ ಅಕ್ಕನಿಗಾಗಿ ಪ್ರಾರ್ಥನೆ ಮಾಡಿದರು. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲೇಬೇಕೆಂಬ ಹಟ ಅವರಿಗಿರಲಿಲ್ಲ.

ಅಕ್ಕ ಹೊರಟ ದಿನ ಅಪ್ಪ ಡ್ಯೂಟಿ ಬದಲಿಸಿಕೊಂಡು ಅದೇ ಗಾಡಿಗೆ ಗಾರ್ಡ್ ಆದರು. ಗಂಗಮ್ಮನವರು ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತಂದು ಟ್ರಂಕಿಗೆ ತುರುಕಿದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದೆ. ಅಪ್ಪ ಸೀಟಿ ಊದಿ ಹಸಿರು ಬಾವುಟ ಬೀಸುವ ಮುಂಚೆ ಅಕ್ಕ ಕೂತಿದ್ದ ಡಬ್ಬಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಬೀಸಿದರು.

ಅಕ್ಕ ನರ್ಸಾಗಿ, ವಾರ್ಡುಗಳಲ್ಲೇ ಆಯಸ್ಸು ಸವೆಸಿ ನಿವೃತ್ತಳಾದಳು. ಅಜ್ಜಿ ಕೊನೆಯ ನೀರು ಕುಡಿದದ್ದು ಅವಳ ಕೈಯಿಂದಲೇ. ಬೀರೂರಿನ ಹೊಗೆಯ ಗಾಡಿಗಳು ಹೋದವು, ಚಿಕ್ಕ ಹಳಿ ಹೋಗಿ ದೊಡ್ಡ ಹಳಿ ಬಂತು, ನಮ್ಮ ಕ್ವಾರ್ಟರ್ಸಿನ ಜಾಗ ಗುರುತು ಸಿಗುವುದಿಲ್ಲ. ಮೊನ್ನೆಯ ದೊಡ್ಡ ಕಾಯಿಲೆಯ ಕಾಲದಲ್ಲಿ ಫೋನಿನ ತುಂಬ ಬರೋಣದ ನಕ್ಷೆಗಳು ಬಂದವು. ಎಲ್ಲರಿಗೂ ಯಾವ ಮುದ್ರೆ ಒಡೆದಿದೆ ಎಂದು ಖಚಿತವಾಗಿ ಗೊತ್ತಿತ್ತು. ‘ಇರಬೌದು’ ಎನ್ನುವವರು ಒಬ್ಬರೂ ಕಾಣಲಿಲ್ಲ. ಅಕ್ಕ ಮಾತ್ರ ಫೋನ್ ಮಾಡಿ, “ನಿಮ್ಮ ಬೀದೀಲಿ ಒಬ್ಬೊಬ್ಬರೇ ಇರೋರು ಯಾರ್ಯಾರಿದಾರೆ, ಬಾಗಿಲ ಹತ್ರ ನಿಂತು ಕೇಳ್ಕೊಂಡು ಬಾರೇ” ಎಂದಳು.

ಆ ದಿನಗಳಲ್ಲೇ ಒಮ್ಮೆ ನನ್ನ ಮೊಮ್ಮಗ, ಹಿಂದೆಯೂ ಹೀಗೆ ಕಾಯಿಲೆ ಬಂದಿತ್ತಾ ಎಂದು ಕೇಳಿದ. ಅಜ್ಜಿಯ ಪ್ಲೇಗಿನ ಕಥೆ ಹೇಳಿದೆ. ನಾನು ಶಾಲೆಯಲ್ಲಿ ಓದಿದವಳಲ್ಲವೇ, ಮೊದಲಿಂದ ಕೊನೆಯವರೆಗೆ ಕ್ರಮವಾಗಿ, ಒಂದೇ ಸಲ ಹೇಳಿದೆ. ಇಲಿ ಬಿತ್ತು, ಜನ ಸತ್ತರು, ಊರು ಬಿಟ್ಟರು, ಮಳೆ ಬಂತು, ಅಜ್ಜಿ ಬದುಕಿದಳು. ಐದು ನಿಮಿಷದಲ್ಲಿ ಮುಗಿಯಿತು. ಅವನು ಸರಿ ಎಂದು ಎದ್ದು ಹೋದ. ಅವನು ಹೋದ ಮೇಲೆ ನೆನಪಾಯಿತು. ನೀರು ತಂದವಳು ನನ್ನ ಕಥೆಯಲ್ಲಿ ಬಂದೇ ಇರಲಿಲ್ಲ.