ಕುದುರೆಯೊಡನೆ ಆಡಿದ ನುಡಿ
ರೋಮಿನ ಪಡೆಗೆ ಬಂದ, ದೂರದ ಹುಲ್ಲುಗಾವಲು ನಾಡಿನ ಸವಾರರೆಲ್ಲ ಒಂದೇ ಅಚ್ಚು. ನನ್ನ ಗಂಡ ಗೋಸಾಕನೂ ಹಾಗೇ ಇದ್ದ. ಐವತ್ತು ಹೆಜ್ಜೆ ದೂರದ ಊಟಕ್ಕೂ ಕುದುರೆ ಏರಿಯೇ ಹೋಗುತ್ತಿದ್ದ. ಕೋಟೆಯವರು ಕೊಟ್ಟ ಕಲ್ಲಿನ ಕೋಣೆಯಲ್ಲಿ ಕುದುರೆ ಕಟ್ಟಿ, ತಾನು ಗಾಡಿಯಲ್ಲಿ ಮಲಗುತ್ತಿದ್ದ. "ಇಪ್ಪತ್ತು ವರ್ಷ ಆಯ್ತಲ್ಲೋ, ಇನ್ನಾದ್ರೂ ಚಕ್ರ ಬಿಚ್ಚೋ," ಎಂದು ದಳಪತಿ ರೇಗಿಸಿದರೆ, "ನಿಮ್ಮ ಗೋಡೆ ನನ್ ಹಿಂದೆ ಬರುತ್ತಾ, ಧಣಿ?" ಎನ್ನುತ್ತಿದ್ದ. ನಾನು ಈ ನದಿದಡದವಳು. ನನ್ನೊಡನೆ ಪಡೆಯ ಲ್ಯಾಟಿನ್ ಆಡುತ್ತಿದ್ದ, ಕುದುರೆಯೊಡನೆ ತನ್ನ ನುಡಿ. ಅದನ್ನು ಕೇಳಿ ನಾನು ಕಲಿತದ್ದು ನಿಲ್ಲು, ನೀರು, ನಡೆ, ಅಷ್ಟೇ. ಈ ಚಳಿಗಾಲ ಅವನ ನುಡಿ ಬಲ್ಲ ಜನರೆಲ್ಲ ಗಸ್ತಿಗೆ ಹೋಗಿದ್ದಾಗ ಅವನಿಗೆ ಜ್ವರ ಬಂತು, ಲ್ಯಾಟಿನ್ ಮರೆತುಹೋಯಿತು. ಮೂರು ದಿನ ನನ್ನ ಕೈ ಹಿಡಿದು ತನ್ನ ನುಡಿಯಲ್ಲೇ ಏನೇನೋ ಹೇಳಿ ತೀರಿಹೋದ. ಗಸ್ತಿನಿಂದ ಬಂದ ಗೆಳೆಯರು, "ಕೊನೇಗೆ ಏನಂದ, ಅತ್ತಿಗೆ?" ಎಂದು ಕೇಳಿದರು. "ನೀರು ಅಂದ," ಎಂದೆ.