ಸೋದರತ್ತೆಯ ಬೆನ್ನು

ಹೆಣ್ಣು ಕೂಸು ಹುಟ್ಟಿದ ಸುದ್ದಿಯನ್ನು ಅಣ್ಣನೇ ಮಾನ್ವಿಯಿಂದ ರಾಯಚೂರಿನ ನನ್ನ ಬಾಡಿಗೆ ಕೋಣೆಗೆ ತಂದ. ಜೊತೆಗೆ ಒಂದು ಷರತ್ತನ್ನೂ ತಂದಿದ್ದ.

"ಹೆಸರಿಡೂ ದಿನ ನೀನೂ ಬಾ. ಆದ್ರ ನಿನ್ನ ಮೈಮ್ಯಾಲ ದೇವಿ ಬಂದಾಳ ಅಂತ ಬೀಗರ ಮನ್ಯಾಗ ಹೇಳೀನಿ. ಮಣಿ ಹಾಕ್ತಾರ, ಅದರ ಮ್ಯಾಲ ಕೂಡ್ರು. ನಾಕು ಮಂದಿ ಕಾಲಿಗೆ ಬೀಳ್ತಾರ, ಕೈ ಎತ್ತು. ಉಂಡು ಬಾ."

"ಕಿವ್ಯಾಗ ಹೆಸರು ಹೇಳಾಕಿ ಯಾರು?"

"ದೊಡ್ಡಪ್ಪನ ಮಗಳನ್ನ ಕರದೀನಿ."

ನಮ್ಮ ಕಡೆ ಕೂಸಿಗೆ ಹೆಸರಿಡುವುದು ಅಪ್ಪನ ಅಕ್ಕ ಅಥವಾ ತಂಗಿಯ ಹಕ್ಕು. ಅವಳು ತೊಟ್ಟಿಲ ಮೇಲೆ ಬಾಗಿ, ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳಬೇಕು. ಬಾಗಿದವಳ ಬೆನ್ನಿಗೆ ಸುತ್ತ ನಿಂತ ಹೆಂಗಸರು ದಬದಬ ಗುದ್ದುತ್ತಾರೆ. ಅತ್ತಿಗೆ ನಾದಿನಿಯರ ಹಳೆಯ ಸಿಟ್ಟೆಲ್ಲ ಆಗ ನಗುನಗುತ್ತಲೇ ಹೊರಬರುತ್ತದೆ. ಆದರೆ ದೇವಿ ಬಂದವಳ ಬೆನ್ನಿಗೆ ಗುದ್ದುವ ಧೈರ್ಯ ಯಾರಿಗಿದೆ?

ಅಣ್ಣನಿಗೆ ಒಡಹುಟ್ಟಿದವಳು ನಾನೊಬ್ಬಳೇ. ದೇವದುರ್ಗದ ಓಣಿ ನನ್ನನ್ನು ಹುಡುಗ ಎಂದೇ ಬೆಳೆಸಿತು. ಕಾಲೇಜಿನ ಚರ್ಚಾಕೂಟಗಳಲ್ಲಿ ಅಂಗಿ ಪ್ಯಾಂಟಿನಲ್ಲೇ ನಿಂತು ಗೆದ್ದೆ. ಸೀರೆ ಉಡಲು ಶುರು ಮಾಡಿ ಆಗ ಒಂದು ವರ್ಷವಾಗಿತ್ತು. ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಅವಳಿಗೆ ಮೀಸಲಾಗಿ ಸೀರೆ ಉಟ್ಟ ನನ್ನಂಥವರನ್ನು ನಾನು ಹಳಿಯುವುದಿಲ್ಲ. ನನಗೆ ನಿರಿಗೆ ಹಿಡಿಯಲು ಕಲಿಸಿದವಳು ಅಂಥವಳೇ ಒಬ್ಬಳು. ಅದು ಅವಳ ನಂಬಿಕೆ, ನನಗೆ ಆ ನಂಬಿಕೆಯಿಲ್ಲ. ಇಲ್ಲದ್ದನ್ನು ಉಟ್ಟು ತಿರುಗುವುದೇ ಆಗಿದ್ದರೆ ಪ್ಯಾಂಟೇ ಸಾಕಿತ್ತಲ್ಲ?

"ಅಪ್ಪ ದೇವರ ಫೋಟೋ ಎಲ್ಲಾ ಇಳಿಸಿ ಬುದ್ಧನ್ನ ಇಟ್ಟ ಮನಿ ನಮ್ದು," ಅಂದೆ. "ನಿನಗ ಈ ದೇವಿ ಎಲ್ಲಿ ಸಿಕ್ಕಳೋ?"

"ವಾದ ಹಚ್ಚಬ್ಯಾಡ. ದೇವಿ ಅಂದ್ರ ಮಂದಿ ಬಾಯಿ ಮುಚ್ತಾರ. ಬರೇ ಹೆಂಗಸು ಅಂದ್ರ ಯಾರು ಒಪ್ತಾರ?"

ಬರುತ್ತೇನೆ ಎಂದಷ್ಟೇ ಹೇಳಿ ಅವನನ್ನು ಕಳಿಸಿದೆ.

ಆ ವಾರವೆಲ್ಲ ಸಂಜೆ ಕೂತು ಕುಂಚಿಗಿ ಹೊಲಿದೆ. ಕೂಸಿನ ತಲೆ, ಬೆನ್ನು ಮುಚ್ಚುವ ಆ ಟೊಪ್ಪಿಗೆಯನ್ನು ಸೋದರತ್ತೆಯೇ ತರಬೇಕು. ಮನೆಯ ಒಡತಿ, ಬಳೆ ಮಾರುವ ಸಾಬರ ಮುದುಕಿ, ಬಾಗಿಲಲ್ಲಿ ನಿಂತು ನೋಡಿದಳು.

"ಕಿಸ್ಕಾ ಹೈ?"

"ಅಣ್ಣನ ಮಗಳಿಗೆ."

"ಅರೆ, ಫುಪ್ಪು ಬನ್ ಗಯೀ ತೂ!" ಅಂದಳು. ಫುಪ್ಪು ಎಂದರೆ ಸೋದರತ್ತೆ. ಯೋಚಿಸಲಿಲ್ಲ, ಸಾಕ್ಷಿ ಕೇಳಲಿಲ್ಲ. ಮರುಕ್ಷಣವೇ ನನ್ನ ಹೊಲಿಗೆ ಸೊಟ್ಟಗಿದೆ ಎಂದು ಬೈದು ಅರ್ಧ ಬಿಚ್ಚಿಸಿದಳು. ಅಂಚಿಗೆ ಹಚ್ಚು ಎಂದು ಹಸಿರು ಸ್ಯಾಟಿನ್ ಚೂರು ತಂದುಕೊಟ್ಟಳು.

ಮಾನ್ವಿಯ ಬೀಗರ ಮನೆಯ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನಡುವೆ ತೊಟ್ಟಿಲು. ದೂರದ ಮೂಲೆಯಲ್ಲಿ ರಂಗೋಲಿ ಹಾಕಿದ ಒಂದು ಮಣೆ, ಅದು ನನಗೆ. ಎಲ್ಲರಿಂದ ಎಷ್ಟು ದೂರ ಎಂದು ನೋಡಿದೆ. ಗೌರವ ಕೊಟ್ಟೇ ಹೊರಗಿಡುವುದು ಹೇಗೆಂದು ಆ ಮನೆಗೆ ಚೆನ್ನಾಗಿ ಗೊತ್ತಿತ್ತು.

ನಾನು ನಿಂತೇ ಇದ್ದೆ. ನೆರೆಮನೆಯ ಒಬ್ಬ ಮುದುಕಿ ಬಂದು ಪಾದ ಹಿಡಿದೇಬಿಟ್ಟಳು. "ತಾಯೀ, ನನ್ನ ಮಗಳಿಗೆ ಮಕ್ಕಳಾಗವಲ್ಲವು. ಒಂದು ಮಾತು ಹೇಳವ್ವಾ."

ಅಣ್ಣ ಬಾಗಿಲಲ್ಲಿ ನಿಂತು ಕೈ ಎತ್ತು ಎಂದು ಸನ್ನೆ ಮಾಡಿದ. ಎತ್ತಬಹುದಿತ್ತು. ಮುದುಕಿಗೆ ಸುಳ್ಳು ಸಮಾಧಾನ, ಅಣ್ಣನಿಗೆ ಮರ್ಯಾದೆ, ನನಗೆ ಊಟ. ನಾನು ಕಾಲು ಹಿಂದಕ್ಕೆಳೆದು ಅವಳನ್ನು ಎಬ್ಬಿಸಿದೆ.

"ಯವ್ವಾ, ನನ್ನ ಮೈಮ್ಯಾಲ ಯಾರೂ ಬಂದಿಲ್ಲ. ನಾನ ಬಂದೀನಿ."

ಬೀಗತಿ, ಅಂದರೆ ಅಣ್ಣನ ಅತ್ತೆ, ಆರತಿ ತಟ್ಟೆ ಕೆಳಗಿಟ್ಟಳು.

"ದೇವಿ ಬಂದಿಲ್ಲಂದ್ರ ಮತ್ತ ಈ ಸೀರಿ ಯಾಕಬೇ?"

"ನೀವ್ಯಾಕ ಉಟ್ಟೀರಿ?"

"ನಾ ಹೆಂಗಸು!"

"ನಾನೂ ಅದಕ್ಕ ಉಟ್ಟೀನಿ."

"ಶಾಸ್ತ್ರ ಅಂತ ಒಂದು ಇರ್ತದ..."

"ಅದ ಶಾಸ್ತ್ರನ ಕೇಳಾಕತ್ತೀನಿ. ಕೂಸಿನ ಅಪ್ಪಗ ಬೆನ್ನಿಗೆ ಬಿದ್ದಾಕಿ ಇದ್ರ, ಹೆಸರು ಇಡಾಕಿ ಆಕಿ ಹೌದೋ ಅಲ್ಲೋ? ಇರಾಕಿನ್ನ ಬಿಟ್ಟು ಹೊರಗಿಂದ ತಂದ್ರ ಶಾಸ್ತ್ರ ಮುರದೋರು ಯಾರು? ನಾನಾ, ನೀವಾ?"

ದೊಡ್ಡಪ್ಪನ ಮಗಳು ತೊಟ್ಟಿಲ ಹತ್ತಿರದಿಂದ ಮೆಲ್ಲಗೆ ಹಿಂದೆ ಸರಿದಳು. ನನ್ನ ಬಾಯಲ್ಲಿ ಇನ್ನೂ ಮೂರು ವಾದ ಸಿದ್ಧವಿದ್ದವು. ಅಷ್ಟರಲ್ಲಿ ತಲೆಗೆ ಬಟ್ಟೆ ಕಟ್ಟಿ ತೊಟ್ಟಿಲ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದ ಬಾಣಂತಿ ಅತ್ತಿಗೆ ಬಾಯಿ ಬಿಟ್ಟಳು.

"ಸೋದರತ್ತಿ ಅಂತಿ. ಕುಂಚಿಗಿ ತಂದೀಯೇನು?"

ಚೀಲದಿಂದ ತೆಗೆದುಕೊಟ್ಟೆ. ಅವಳು ಹೊಲಿಗೆ ತಿರುವಿ ನೋಡಿದಳು, ಹಸಿರು ಅಂಚನ್ನು ಬೆರಳಲ್ಲಿ ಎಳೆದು ನೋಡಿದಳು.

"ಇದನ್ನ ಮೊದಲ ತೋರಸೂದು ಬಿಟ್ಟು ಭಾಷಣ ಹೊಡ್ಯಾಕತ್ತಿಯಲ್ಲಬೇ! ಕೂಸು ಎದ್ದರ ನೀ ತೂಗ್ತಿಯೇನು? ಬಾ, ಹೇಳು ಹೆಸರು."

ನಾನು ತೊಟ್ಟಿಲಿಗೆ ಬಾಗಿದೆ. ಹಾಲಿನ ವಾಸನೆಯ ಪುಟ್ಟ ಕಿವಿಗೆ ಬಾಯಿಟ್ಟು "ಕುರ್ರ್" ಅಂದೆ, ಹೆಸರು ಹೇಳಿದೆ. ಬೆನ್ನಿಗೆ ಏನೂ ಬೀಳಲಿಲ್ಲ. ಹಿಂದೆ ಬಳೆಯ ಸದ್ದೂ ಇಲ್ಲ. ಮಾತಿನಲ್ಲಿ ಗೆದ್ದಿದ್ದೆ, ಆದರೂ ಅವರ ಕೈಗಳು ಒಪ್ಪಿರಲಿಲ್ಲ. ಎಲ್ಲೋ ದೇವಿ ಇದ್ದರೆ ಎಂಬ ಅಂಜಿಕೆ. ಗುದ್ದಿಸಿಕೊಳ್ಳದೆ ಮೇಲೆದ್ದರೆ ಮತ್ತೆ ಅದೇ ಮಣೆ. ನಾನು ಏಳಲಿಲ್ಲ. ಎರಡನೇ ಸಲ ಹೆಸರು ಹೇಳಿದೆ, ಇನ್ನೂ ಜೋರಾಗಿ.

ಆಗ ಬಿತ್ತು. ಕೂತಲ್ಲಿಂದಲೇ ಅತ್ತಿಗೆ ಗುದ್ದಿದ್ದಳು, ಬಾಣಂತಿಯ ಸಣ್ಣ ಗುದ್ದು. ಅದರ ಹಿಂದೆ ಭುಜಗಳ ನಡುವೆ ಇನ್ನೊಂದು ಬಿತ್ತು, ಉಸಿರು ನಿಂತಂತಾಯಿತು. ಕಾಲು ಹಿಡಿದಿದ್ದ ಮುದುಕಿ.

"ನನ್ನ ಮಗಳಿಗೆ ಒಂದು ಛಲೋ ಮಾತು ಹೇಳಲಿಲ್ಲಲ್ಲ ನೀನು! ತಗೋ!"

ಆಮೇಲೆ ಯಾರ ಕೈ ಯಾವುದೆಂದು ತಿಳಿಯಲಿಲ್ಲ. ಬಳೆಗಳ ಸದ್ದು, ನಗು, "ಬಾಯಿ ಭಾಳ ಅದ ಇಕಿದು, ಇನ್ನೊಂದು ಹಾಕ್ರಿ" ಎಂಬ ಬೀಗತಿಯ ದನಿ. ಗದ್ದಲಕ್ಕೆ ಕೂಸು ಕಿರುಚಿ ಎದ್ದಿತು. ಹೇಳಿದಂತೆ ನಾನೇ ತೂಗಿದೆ.

ಬಸ್‌ಸ್ಟ್ಯಾಂಡಿನವರೆಗೆ ಅಣ್ಣ ಜೊತೆಗೆ ಬಂದ. ಬಸ್ಸು ಬಂದಾಗ, "ಆ ಮಣಿ ಮ್ಯಾಲ ಕೂತಿದ್ರ ನಿನಗ ಯಾರಿಂದಲೂ ಒಂದು ಮಾತೂ ಬರ್ತಿರಲಿಲ್ಲ," ಅಂದ.

"ಏಟೂ ಬರ್ತಿರಲಿಲ್ಲ," ಅಂದು ಹತ್ತಿದೆ.

ಹೆಂಗಸರ ಸೀಟಿನಲ್ಲಿ ಬುಟ್ಟಿ ಹಿಡಿದಿದ್ದವಳು ಸರಿದು ಜಾಗ ಕೊಟ್ಟಳು. ಒರಗಲು ಹೋದೆ, ಆಗಲಿಲ್ಲ. ಮುಂದಕ್ಕೆ ಬಾಗಿ ಕೂತೆ.

"ಬೆನ್ನಿಗೇನಾಗ್ಯದ ಯವ್ವಾ?"

"ಅಣ್ಣನ ಮಗಳಿಗೆ ಹೆಸರಿಟ್ಟು ಬಂದೆ."

"ಹಂಗಾದ್ರ ನೋಯಲಿ ಬಿಡು," ಅಂದು ಅವಳು ಬುಟ್ಟಿಯನ್ನು ಅರ್ಧ ನನ್ನ ತೊಡೆಯ ಮೇಲೆ ಹೇರಿದಳು.