ಬಯಕೆ ಬುತ್ತಿಗೆ ಹೊರಟ ಬ್ರೆಡ್ಡು

ರಾಯಚೂರಿನಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬೀದಿಗಿಳಿದವರು ಯಾರೂ ನೆಮ್ಮದಿಯಿಂದ ಮನೆ ಮುಟ್ಟುವಂತಿಲ್ಲ. ತರಕಾರಿ ಚೀಲ ಹಿಡಿದು ಹೊರಟರೆ ಯಾರೂ ವಿಚಾರಿಸುವುದಿಲ್ಲ, ಮಿರ್ಚಿ ಭಜಿಯ ಎಣ್ಣೆ ಹತ್ತಿದ ಕಾಗದವನ್ನು ಕಂಡರೆ ವಿಚಾರಿಸದೆಯೇ ಕೈ ಚಾಚುತ್ತಾರೆ. ಬ್ರೆಡ್ಡು ಕಂಡರೆ ಮಾತ್ರ ಎದುರಾದವರ ಮುಖದಲ್ಲಿ ಅನುಕಂಪವೊಂದು ತಾನಾಗಿಯೇ ಮೂಡುತ್ತದೆ. ನಮ್ಮ ಓಣಿಯ ಮೂಲೆಯಲ್ಲಿ ಹೂ ಕಟ್ಟುತ್ತ ಕೂರುವ ನೀಲಮ್ಮನಂತೂ ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ಬಿಟ್ಟು, "ಯಾರಿಗೆ ಆರಾಮಿಲ್ರೀ ಯಕ್ಕಾ?" ಎಂದು ಕೇಳಿಯೇ ತೀರುತ್ತಾಳೆ. ತಪ್ಪು ಅವಳದ್ದಲ್ಲ. ನಮ್ಮ ಕಡೆ ಬ್ರೆಡ್ಡು ಆಹಾರದ ವರ್ಗಕ್ಕೆ ಸೇರಿಲ್ಲ, ಪಥ್ಯದ ವರ್ಗಕ್ಕೆ ಸೇರಿದೆ. ಜ್ವರ ಬಂದವರು ಅದನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಾರೆ, ರೋಗಿಯನ್ನು ನೋಡಲು ದವಾಖಾನೆಗೆ ಹೋಗುವವರು ಎಳನೀರಿನ ಜೊತೆ ಒಯ್ಯುತ್ತಾರೆ. ಆರೋಗ್ಯವಂತ ಮನುಷ್ಯನೊಬ್ಬ ಹಾಡಹಗಲೇ, ನಾಲ್ಕು ಜನರ ಎದುರಿಗೆ, ಕೇವಲ ಸಂತೋಷಕ್ಕಾಗಿ ಬ್ರೆಡ್ಡು ತಿಂದರೆ ಅದು ಜೋಳದ ರೊಟ್ಟಿಗೆ ಬಗೆದ ದ್ರೋಹವೆಂದೇ ಲೆಕ್ಕ.

ಇಂಥ ಊರಿನಲ್ಲಿದ್ದುಕೊಂಡು ನಾನು ಮನೆಯಲ್ಲೇ, ಯಂತ್ರವೊಂದರಲ್ಲಿ, ಹಣ್ಣು ಹಾಕಿದ ಸಿಹಿ ಬ್ರೆಡ್ಡು ಮಾಡುತ್ತೇನೆ. ಹೇಳಿಕೊಳ್ಳುವಾಗ ತುಸು ಜಂಭ ಇಣುಕುತ್ತದೆ, ಬಲ್ಲೆ. ಆದರೆ ನನ್ನ ರೊಟ್ಟಿಯ ಚರಿತ್ರೆಯನ್ನು ಕೇಳಿದ ಮೇಲೆ ಆ ಜಂಭವನ್ನು ನೀವೂ ಕ್ಷಮಿಸುತ್ತೀರಿ ಎಂಬ ಭರವಸೆ ನನಗಿದೆ.

ನನ್ನ ತವರು ಕಲ್ಮಲ. ಅಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ರೊಟ್ಟಿಯ ಅಭ್ಯಾಸವಾಗುತ್ತದೆ. ಆದ್ದರಿಂದ ಕಲಿಸುವವರಿರಲಿಲ್ಲ ಎಂಬ ನೆಪಕ್ಕೂ ನನಗೆ ಆಸ್ಪದವಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಛಂದಸ್ಸಿನ ತರಗತಿಯಲ್ಲಿ ಲಘು ಗುರುಗಳನ್ನು ಎಡವದೆ ಹಾಕಬಲ್ಲೆ, ರೊಟ್ಟಿ ಬಡಿಯಲು ಕೂತರೆ ಮಾತ್ರ ಎಡಗೈ ಲಘು, ಬಲಗೈ ಗುರು. ದುಂಡಗಾಗಲು ಹೊರಟ ನನ್ನ ರೊಟ್ಟಿ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ, ಅಂಚು ಸೀಳಿಕೊಂಡು, ಹೆಂಚು ಏರುವ ಮೊದಲೇ ಎರಡು ಪಂಗಡವಾಗಿರುತ್ತದೆ. ನಮ್ಮ ಯಜಮಾನರು ರಾಯಚೂರಿನಲ್ಲಿ ಅಕ್ಕಿ ಗಿರಣಿ ನಡೆಸುವುದರಿಂದ ದಿನನಿತ್ಯದ ಮಾನ ಅನ್ನದಿಂದ ಹೇಗೋ ಉಳಿಯುತ್ತಿತ್ತು. ಮಾನ ಹೋಗುತ್ತಿದ್ದದ್ದು ಬಯಕೆ ಬುತ್ತಿಯ ದಿನ.

ಬಸುರಿ ಹೆಣ್ಣುಮಗಳು ಬಯಸಿದ್ದನ್ನೆಲ್ಲ ಮಾಡಿ, ಬುಟ್ಟಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಬಳಗದ ಹೆಂಗಸರೆಲ್ಲ ಗಾಡಿಯಲ್ಲಿ ಕೂತು ಅವಳ ಅತ್ತೆಯ ಮನೆಗೆ ಒಯ್ಯುವುದು ನಮ್ಮಲ್ಲಿಯ ಪದ್ಧತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮೊಸರು ಬುತ್ತಿ, ಹೀಗೆ ಒಬ್ಬೊಬ್ಬರ ಪಾಲಿಗೆ ಒಂದೊಂದು. ಈ ಇಲಾಖೆಯ ಮುಖ್ಯಸ್ಥೆ ದೇವದುರ್ಗದ ಶಿವಗಂಗಮ್ಮ, ಯಜಮಾನರ ದೊಡ್ಡಮ್ಮ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಸೆರಗಿನ ತುದಿಯಲ್ಲಿ ಇಡೀ ಬಳಗದ ಆಡಳಿತ. ಕೆಲಸ ಹಂಚುತ್ತ ಹಂಚುತ್ತ ನನ್ನ ಹೆಸರು ಬಂದಾಗ ಆಕೆ ಬಹಳ ಪ್ರೀತಿಯಿಂದಲೇ, "ನೀ ಬಾಳಿ ಎಲಿ ತೊಗೊಂಡು ಬಾರವ್ವಾ" ಎನ್ನುತ್ತಿದ್ದಳು. ಸೊಸೆಯಾಗಿ ಬಂದಾಗಿನಿಂದ ನಾನು ಎಲೆ ತಂದಿದ್ದೇನೆ, ಹೂ ತಂದಿದ್ದೇನೆ, ಒಮ್ಮೆ ಬಡ್ತಿ ಸಿಕ್ಕು ನೀರಿನ ಬಾಟಲಿಗಳನ್ನೂ ತಂದಿದ್ದೇನೆ. ಬುಟ್ಟಿಯ ಬಟ್ಟೆ ಬಿಚ್ಚಿದಾಗ ಅದರೊಳಗೆ ನನ್ನ ಕೈಯ ಒಂದೇ ಒಂದು ತಿನಿಸು ಇರಬೇಕೆಂಬ ಆಸೆ ನನ್ನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ.

ಯಂತ್ರ ಬಂದದ್ದು ಆಕಸ್ಮಿಕವಾಗಿ. ಗೃಹಪ್ರವೇಶದಲ್ಲಿ ಯಜಮಾನರ ವ್ಯಾಪಾರದ ಗೆಳೆಯರೊಬ್ಬರು ಅಕ್ಕಿ ಗಿರಣಿಯವರಿಗೆ ಔಚಿತ್ಯಪೂರ್ಣವೆಂದು ಅನ್ನ ಮಾಡುವ ಡಬ್ಬಿಯೊಂದನ್ನು ಉಡುಗೊರೆ ಕೊಟ್ಟರು. ಅದು ಅನ್ನದ ಡಬ್ಬಿಯಲ್ಲವೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡ ನಮಗೂ ಗೊತ್ತಿರಲಿಲ್ಲ. ಸೋನಾ ಮಸೂರಿ ತೊಳೆದು ಹಾಕಿ ಗುಂಡಿ ಒತ್ತಿದಾಗ ತಳದಲ್ಲಿದ್ದ ರೆಕ್ಕೆಯೊಂದು ಗರಗರ ತಿರುಗಿ ನಮ್ಮದೇ ಗಿರಣಿಯ ಅಕ್ಕಿಯನ್ನು ಗೋಡೆಗೆ ಹಚ್ಚುವ ಅಂಟಿನಂತೆ ಮಾಡಿಟ್ಟಿತು. ಆಮೇಲೆ ಪುಸ್ತಿಕೆ ಓದಿದೆವು. ನಮ್ಮ ಮನೆತನದಲ್ಲಿ ಪುಸ್ತಿಕೆಯನ್ನು ಓದುವುದು ಯಾವಾಗಲೂ ಆಮೇಲೆಯೇ.

ಹಿಟ್ಟು, ನೀರು, ಈಸ್ಟು ಹಾಕಿದರೆ ಸಾಕು, ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲವೂ ತನ್ನದೇ ಎಂದು ಆ ಪುಸ್ತಿಕೆ ಅಭಯ ಕೊಟ್ಟಿತ್ತು. ಬಡಿಯಬೇಕಿಲ್ಲ, ದುಂಡಗಾಗಿಸಬೇಕಿಲ್ಲ! ನನ್ನಂಥವಳಿಗಾಗಿಯೇ ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದಾರೆಂದು ಕೃತಜ್ಞತೆಯಿಂದ ಕಣ್ಣು ಮುಚ್ಚಿಕೊಂಡೆ. ಆದರೆ ಪುಣ್ಯಾತ್ಮರು ಚಳಿ ನಾಡಿನವರು. "ಉಗುರು ಬೆಚ್ಚಗಿನ ನೀರು ಹಾಕಿ" ಎಂದು ಬರೆದವರಿಗೆ ರಾಯಚೂರಿನ ಬೇಸಿಗೆಯ ಕಲ್ಪನೆಯಿರಲಿಲ್ಲ. ನಮ್ಮ ಮಾಳಿಗೆಯ ಟ್ಯಾಂಕಿನ ನೀರು ಉಗುರು ಬೆಚ್ಚಗಾಗಬೇಕಾದರೆ ಅದನ್ನು ಫ್ರಿಜ್ಜಿನಲ್ಲಿಡಬೇಕು. ಮೊದಲ ಬ್ರೆಡ್ಡು ಹುರುಪಿನಿಂದ ಉಬ್ಬಿ, ಮುಚ್ಚಳಕ್ಕೆ ತಲೆ ತಾಗಿಸಿಕೊಂಡು, ನಾಚಿಕೆಯಿಂದ ನಡುವೆ ಕುಸಿಯಿತು. ಮುಂದಿನವುಗಳೂ ಅದೇ ಹಾದಿ ಹಿಡಿದವು. ಕೊನೆಗೆ ಪುಸ್ತಿಕೆಯನ್ನು ಬದಿಗಿಟ್ಟು ಹಿಮದಂಥ ನೀರು ಹಾಕಿದೆ, ಈಸ್ಟಿಗೆ ಕತ್ತರಿ ಪ್ರಯೋಗಿಸಿದೆ, ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆ. ಉತ್ತತ್ತಿ, ಒಣದ್ರಾಕ್ಷಿ, ಅಂಜೂರಗಳನ್ನು ಹೆಚ್ಚಿ, ತುಪ್ಪ ಸವರಿ, ಏಲಕ್ಕಿ ಪುಡಿ ಉದುರಿಸಿದೆ. ಒಂದು ದಿನ ಮುಚ್ಚಳ ತೆಗೆದರೆ ಚಿನ್ನದ ಬಣ್ಣದ ಬ್ರೆಡ್ಡೊಂದು ನೆಟ್ಟಗೆ ನಿಂತಿತ್ತು. ಮನೆತುಂಬ ಏಲಕ್ಕಿ ಬೆಲ್ಲದ ಘಮ. ನಾನು ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ.

ಒಬ್ಬಳೇ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಮೈದುನನ ಮಗಳು ಭಾಗ್ಯ ಆಗ ನಮ್ಮ ಮನೆಯಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಕುಸಿದದ್ದು, ಸುಟ್ಟದ್ದು, ಬೇಯದ್ದು ಎಲ್ಲವನ್ನೂ ಚಹಾದಲ್ಲಿ ಅದ್ದಿ, ಒಂದು ಮಾತೂ ಆಡದೆ ತಿಂದ ಮಹಾತಾಯಿ ಅವಳು. ಮುಂದೆ ಮಾನ್ವಿಗೆ ಮದುವೆಯಾಗಿ ಹೋದಳು. ಹೋದ ವರ್ಷದ ಬೇಸಿಗೆಯಲ್ಲಿ ಅವಳಿಗೆ ಏಳು ತಿಂಗಳು ತುಂಬಿತು, ಬುತ್ತಿಯ ಮಾತು ಎದ್ದಿತು. ಏನು ಬಯಕೆಯೆಂದು ಶಿವಗಂಗಮ್ಮ ಫೋನಿನಲ್ಲಿ ಕೇಳಿದರೆ ಹುಡುಗಿ ಹೋಳಿಗೆ ಎನ್ನಲಿಲ್ಲ, ಕರ್ಚಿಕಾಯಿ ಎನ್ನಲಿಲ್ಲ. "ರಾಯಚೂರು ದೊಡ್ಡಮ್ಮನ ಹಣ್ಣಿನ ಬ್ರೆಡ್ಡು ಬೇಕಾಗ್ಯದ. ಅದರ ವಾಸನಿ ಮೂಗಿನ್ಯಾಗ ಕುಂತದ" ಎಂದಳು.

ಶಿವಗಂಗಮ್ಮನ ಆಕ್ಷೇಪ ದೇವದುರ್ಗದಿಂದ ನೇರವಾಗಿ ನನ್ನ ಕಿವಿಗೆ ಬಂತು. "ಬಸುರಿ ಹೆಣಮಗಳಿಗೆ ಬ್ಯಾನಿ ಬಿದ್ದವರ ಊಟ ಒಯ್ಯೂದೇನವ್ವಾ? ಬೀಗರು ಏನಂದಾರು?" ಎಂದಳು. ಕೊನೆಗೊಂದು ರಾಜಿ ಸೂತ್ರವನ್ನೂ ತಾನೇ ಹೇಳಿದಳು. "ಮಾಡು. ಆದ್ರ ಬುತ್ತಿಯಾಗ ಇಡಬ್ಯಾಡ. ಬ್ಯಾರೆ ಚೀಲದಾಗ ಒಯ್ದು ಒಳಗ ಸುಮ್ಮನ ಕೊಡು." ನಾನು ಹೂಂ ಎಂದೆ. ಫೋನು ಇಟ್ಟ ಮೇಲೆ ಬಹಳ ಬೇಸರವಾಯಿತು. ನನ್ನ ತಿನಿಸನ್ನು ಹುಡುಗಿ ಬಾಯಿಬಿಟ್ಟು ಕೇಳಿದ್ದಳು. ಆದರೂ ಅದು ಕಳ್ಳ ಸಾಮಾನಿನಂತೆ ಹಿಂಬಾಗಿಲಿನಿಂದ ಹೋಗಬೇಕಿತ್ತು.

ಬುತ್ತಿಯ ಅಡುಗೆ ನಮ್ಮ ಮನೆಯಲ್ಲೇ ಎಂದಾಯಿತು. ನಸುಕಿನಲ್ಲೇ ಶಿವಗಂಗಮ್ಮ ಒಲೆಯ ಮುಂದೆ ಕೂತು ರೊಟ್ಟಿಗೆ ಎಸರಿಟ್ಟಿದ್ದಳು. ಜೋಳದ ಹಿಟ್ಟಿಗೆ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು ನಾದಿದರೆ ಮಾತ್ರ ಅದು ಮಾತು ಕೇಳುತ್ತದೆ. ನಾನು ಯಂತ್ರದ ಪಾತ್ರೆಗೆ ಹಿಟ್ಟು, ಬೆಲ್ಲ, ಹಣ್ಣು, ಈಸ್ಟು ಎಲ್ಲವನ್ನೂ ಹಾಕಿ, ತಣ್ಣೀರಿನ ಚೊಂಬನ್ನು ಪಕ್ಕದಲ್ಲಿಟ್ಟು, ಮಡಿಯಲ್ಲೇ ಮಾಡಬೇಕೆಂದು ಸ್ನಾನಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಯಂತ್ರ ತಿರುಗುತ್ತಿತ್ತು, ಶಿವಗಂಗಮ್ಮ ಅದರ ಮುಂದೆ ಹೆಮ್ಮೆಯಿಂದ ನಿಂತಿದ್ದಳು.

"ತಣ್ಣೀರಾಗ ಯಾರರ ಹಿಟ್ಟು ಕಲಸ್ತಾರೇನ ಯವ್ವಾ? ನಾನ ಎಸರು ಹೊಯ್ದು ಚಾಲೂ ಮಾಡೀನಿ. ಇನ್ನ ನೋಡು, ಮೆತ್ತಗ ಹತ್ತಿ ಹತ್ತಿ ಬರ್ತದ."

ಓದುಗ ಮಿತ್ರರೇ, ಜಗತ್ತಿನಲ್ಲಿ ಬ್ರೆಡ್ಡು ಕೆಡಿಸುವ ವಿಧಾನಗಳು ಅನೇಕವಿರಬಹುದು. ಇದು ಮಾತ್ರ ಜೋಳದ ನಾಡಿನ ಸ್ವಂತ ಆವಿಷ್ಕಾರ. ಮುಚ್ಚಳ ತೆಗೆದು ನೋಡಿದರೆ ಒಳಗೆ ಗಾರೆಯಂಥ ಮುದ್ದೆ ಗಿರಕಿ ಹೊಡೆಯುತ್ತಿತ್ತು. ನನಗೆ ಸಿಟ್ಟು ಬರಲೇ ಇಲ್ಲ. ಬುತ್ತಿಯಲ್ಲಿ ಬೇಡವೆಂದ ಹೆಂಗಸು ನನ್ನ ಬ್ರೆಡ್ಡು ಚೆನ್ನಾಗಿ ಬರಲೆಂದು ತನ್ನ ರೊಟ್ಟಿಯ ಎಸರಿನಲ್ಲಿ ಪಾಲು ಕೊಟ್ಟಿದ್ದಳು. ಹೇಗೆ ಹೇಳುವುದೆಂದು ತಿಳಿಯದೆ, "ದೊಡ್ಡವ್ವಾ, ಇದಕ್ಕ ಹಾಕೋ ಈಸ್ಟು ಅಂದ್ರ ಮೊಸರಿನ ಹೆಪ್ಪು ಇದ್ದಂಗ. ಸುಡೂದು ತಾಗಿದ್ರ ಸಾಯ್ತದ" ಎಂದೆ. ಆಕೆಗೆ ತಟ್ಟನೆ ಅರ್ಥವಾಯಿತು. ಮುಖ ಸಣ್ಣದಾಯಿತು.

"ಕುದಿಯೋ ಹಾಲಿಗೆ ಹೆಪ್ಪ ಹಾಕಿದಂಗಾತಲ್ಲಬೇ! ಇದನ್ನ ಮೊದಲ ಹೇಳಬಾರದೇನು?"

ಏನಾದರೂ ಉಬ್ಬೀತೇನೋ ಎಂಬ ಆಸೆಯಿಂದ ಎರಡು ತಾಸು ಕಾದೆವು, ಮುದ್ದೆ ಮಿಸುಕಲಿಲ್ಲ. ಅಷ್ಟರಲ್ಲಿ ಹೊರಗೆ ಯಜಮಾನರು ಗಾಡಿಯ ಹಾರನ್ನು ಒತ್ತತೊಡಗಿದ್ದರು. ಹೊಸದಾಗಿ ಹಚ್ಚಿದರೆ ಮಧ್ಯಾಹ್ನವಾಗುತ್ತದೆ, ಮಾನ್ವಿಯಲ್ಲಿ ಬೀಗರು ಎಲೆ ಹಾಕಿ ಕಾಯುತ್ತಿರುತ್ತಾರೆ. ಹೋಗಲಿ ಬಿಡಿರೆಂದು ನಾನೇ ಹೇಳಿ, ಮುದ್ದೆಯನ್ನು ಕೆರೆದು ಹೊರಗೆ ಹಾಕಿದೆ. ಶಿವಗಂಗಮ್ಮ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತೀರ್ಪು ಕೊಟ್ಟಳು.

"ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ. ಎತ್ತು ಆ ಡಬ್ಬಿ, ಅಲ್ಲೇ ಹೋಗಿ ಹಚ್ಚೂಣು. ಹಿಟ್ಟು ನಮ್ಮದು, ನೀರು ನಮ್ಮದು, ಡಬ್ಬಿ ನಮ್ಮದು. ಬೀಗರದು ಬರೇ ಕರೆಂಟು."

ಬೇರೆಯವರ ಒಲೆಯಲ್ಲಿ ಬೆಂದದ್ದು ಬುತ್ತಿಯಾಗುತ್ತದೆಯೇ ಎಂಬ ಧರ್ಮಸೂಕ್ಷ್ಮವನ್ನು ಯಾವ ಪಂಡಿತರೂ ಇಷ್ಟು ಬೇಗ ಬಿಡಿಸಿರಲಾರರು. ಹಾಗೆ ನಮ್ಮ ಮೆರವಣಿಗೆ ಹೊರಟಿತು. ಬುಟ್ಟಿಗಳು ಹಿಂದೆ, ಯಂತ್ರ ನನ್ನ ತೊಡೆಯ ಮೇಲೆ, ಐಸು ತುಂಬಿದ ನೀರಿನ ಬಾಟಲಿ ಒದ್ದೆ ಬಟ್ಟೆ ಸುತ್ತಿಸಿಕೊಂಡು ಶಿವಗಂಗಮ್ಮನ ಮಡಿಲಲ್ಲಿ. ಕಲ್ಲೂರು ದಾಟುವಾಗ ಕಿಟಕಿಯಿಂದ ಬೆಂಕಿಯಂಥ ಗಾಳಿ ಬೀಸಿತು. ಆಕೆ ಬಾಟಲಿಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಜಳ ಬಡಿತದ ಇದಕ್ಕ" ಎಂದು ಕಿಟಕಿ ಮುಚ್ಚಿಸಿದಳು. ಗಾಡಿಯಲ್ಲಿದ್ದ ಅಷ್ಟೂ ಜನ ನೀರಿನ ಆರೋಗ್ಯಕ್ಕಾಗಿ ಬೆವರಿದೆವು.

ಮಾನ್ವಿಯ ಮನೆಯ ಪಡಸಾಲೆಯಲ್ಲಿ ಯಂತ್ರ ಸ್ಥಾಪನೆಯಾಯಿತು. ಬೀಗಿತ್ತಿಯರು ಅದನ್ನು ಸುತ್ತುವರಿದು ನಿಂತರು. ತೊಳೆದು ತಂದ ಪಾತ್ರೆಗೆ ನಾನು ಹೊಸ ಹಿಟ್ಟು, ಬೆಲ್ಲ, ಹಣ್ಣು, ಈಸ್ಟು ಹಾಕಿದೆ. ಶಿವಗಂಗಮ್ಮ ತಾನೇ ಮುಂದೆ ಬಂದು ಐಸಿನ ನೀರು ಹೊಯ್ದಳು, ಬೆರಳಿನಿಂದ ಮುಟ್ಟಿ ತಣ್ಣಗಿರುವುದನ್ನು ಖಾತ್ರಿ ಮಾಡಿಕೊಂಡಳು, ತಣ್ಣೀರು ಯಾಕೆಂದು ಕೇಳಿದವರಿಗೆ ಹೆಪ್ಪಿನ ಸಿದ್ಧಾಂತವನ್ನು ನನಗಿಂತ ಚೆನ್ನಾಗಿ ಬೋಧಿಸಿದಳು. ಇತ್ತ ಊಟ ಶುರುವಾಯಿತು. ಬುಟ್ಟಿಗಳು ಬರಿದಾದವು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಇಡೀ ನಾಡಿಗೆ ಬೆಳಕು ಹಂಚುವ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಕರೆಂಟು ಯಾವಾಗ ಹೋದೀತೋ ಎಂದು ತಲೆಯ ಮೇಲಿನ ಫ್ಯಾನು ತುಸು ನಿಧಾನವಾದಾಗಲೆಲ್ಲ ನನ್ನ ಎದೆಯೂ ನಿಧಾನವಾಗುತ್ತಿತ್ತು. ಮುಚ್ಚಳದ ಗಾಜಿನಲ್ಲಿ ಇಣುಕಿದವರೊಬ್ಬರು "ಏರಾಕತ್ತದ, ಏರಾಕತ್ತದ" ಎಂದು ಕೂಗಿದರು. ಎಲೆಯಡಿಕೆ ಮುಗಿಯುವ ಹೊತ್ತಿಗೆ ಏಲಕ್ಕಿ ಬೆಲ್ಲದ ಘಮ ಪಡಸಾಲೆ ದಾಟಿ, ಅಂಗಳ ದಾಟಿ, ಎದುರು ಮನೆಯವರನ್ನೂ ಹೊಸ್ತಿಲಿಗೆ ಕರೆತಂದಿತು.

ಯಂತ್ರ ಪೀಂ ಎಂದಿತು. ನಾನು ಪಾತ್ರೆ ಬೋರಲು ಹಾಕಿದೆ. ಚಿನ್ನದ ಬಣ್ಣ, ನೆಟ್ಟನೆಯ ಹೆಗಲು, ಮೈತುಂಬ ಉತ್ತತ್ತಿ ಅಂಜೂರ. ಒಂದು ತುಂಡು ಮುರಿದು ಭಾಗ್ಯಳಿಗೆ ಕೊಡಲು ಕೈ ಚಾಚಿದ್ದೆ, ಶಿವಗಂಗಮ್ಮ ತಡೆದಳು.

"ನಿಂದ್ರು. ಬುತ್ತಿ ಅಂದಮ್ಯಾಲ ಬುಟ್ಟಿಯಾಗಿಂದಾನ ಕೊಡಬೇಕು."

ದೊಡ್ಡ ಬುಟ್ಟಿಯನ್ನು ಕೊಡವಿ, ಬಿಳಿ ಬಟ್ಟೆಯನ್ನು ಮಡಿಸಿ ಹಾಸಿ, ಹೊಗೆಯಾಡುವ ಬ್ರೆಡ್ಡನ್ನು ಅದರ ನಟ್ಟ ನಡುವೆ ಇಟ್ಟಳು. ಬುಟ್ಟಿಗೆ ಅರಿಶಿಣ ಕುಂಕುಮ ಹಚ್ಚಿದಳು. ಬೀಗಿತ್ತಿಯರ ಎದುರಿಗೆ, ಇಡೀ ಓಣಿಗೆ ಕೇಳುವಂತೆ, "ಇದು ನಮ್ಮ ಸೊಸಿ ಕೈಯಂದು" ಎಂದು ಹೇಳಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಭಾಗ್ಯಳ ಮುಂದೆ ಕೂತು ಬುಟ್ಟಿಯಿಂದ ಮೊದಲ ತುಂಡನ್ನು ತೆಗೆದು ಅವಳ ಬಾಯಿಗಿಟ್ಟೆ. ಅವಳು ಕಣ್ಣು ಮುಚ್ಚಿ ಅಗಿದಳು. ನನಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿ ಬಂದಿತ್ತು. ಎಷ್ಟೋ ಎಲೆ, ಎಷ್ಟೋ ಹೂ ಹೊತ್ತ ಕೈಗಳಿಗೆ ಆ ಬುಟ್ಟಿ ಏನೂ ಭಾರವೆನಿಸಲಿಲ್ಲ. ಶಿವಗಂಗಮ್ಮ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ನುರಿಸಿ, "ಹತ್ತಿ ಹತ್ತಿ ಬಂದದ ನೋಡು" ಎಂದಳು.

ಕೀರ್ತಿ ಬ್ರೆಡ್ಡಿಗಿಂತ ಬೇಗ ಉಬ್ಬುತ್ತದೆ. ಈಗ ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ನಮ್ಮ ಬಳಗದ ಯಾವ ಬುತ್ತಿಯೂ ನನ್ನ ಬ್ರೆಡ್ಡಿಲ್ಲದೆ ಹೊರಡುವುದಿಲ್ಲ. ನಮ್ಮ ಓಣಿಯಿಂದಲೂ ಬೇಡಿಕೆ ಬರುತ್ತದೆ. ಕೆಲಸ ಹಂಚುವಾಗ ಶಿವಗಂಗಮ್ಮ ನನ್ನ ಹೆಸರನ್ನೇ ಮೊದಲು ಹೇಳುತ್ತಾಳೆ. ಬಾಳೆ ಎಲೆ ತರುವ ಪುಣ್ಯ ಯಜಮಾನರಿಗೆ ಒದಗಿದೆ.

ಮೊನ್ನೆ ಗಿರಣಿಯಲ್ಲಿ ಲೆಕ್ಕ ಬರೆಯುವ ಹಳೆಯ ಮುನೀಮರು ಮೆಟ್ಟಿಲು ಜಾರಿ ಕಾಲು ಮುರಿದುಕೊಂಡು ದವಾಖಾನೆ ಸೇರಿದರು. ಗಿರಿಜಾ ಮೀಸೆಯ ಹಿರಿಯರು, ಮೊಮ್ಮಕ್ಕಳನ್ನು ಕಂಡವರು. ಬರಿಗೈಯಲ್ಲಿ ಹೋಗುವುದು ಹೇಗೆಂದು ಬೆಳಿಗ್ಗೆಯೇ ಒಂದು ಹಣ್ಣಿನ ಬ್ರೆಡ್ಡು ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಆಟೊ ಹಿಡಿಯಲು ಓಣಿಯ ಮೂಲೆಗೆ ಬಂದೆ. ನೀಲಮ್ಮ ಹಲ್ಲಿನಿಂದ ದಾರ ಬಿಟ್ಟಳು. ಗಾಳಿಯಲ್ಲಿ ಏಲಕ್ಕಿಯ ಘಮ ಹಿಡಿದು, ಮುಖವನ್ನೆಲ್ಲ ಅರಳಿಸಿಕೊಂಡು, ನನ್ನ ಮುಡಿಗೆಂದು ಮೊಳ ಮಲ್ಲಿಗೆ ಹರಿದು ಕೊಡುತ್ತ ಕೇಳಿದಳು:

"ಯಾರದ್ರೀ ಯಕ್ಕಾ ಬಯಕಿ? ಎಷ್ಟನೇ ತಿಂಗಳಾಗ ಅದಾರ್ರೀ?"